ಕೆಂಪು ಬಣ್ಣವು ಎಲ್ಲಿ ಹೋಯಿತು?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರ ಮನೆಯವರು ಬೆಂಗಳೂರಿನಲ್ಲಿ ನಡಿಸುತ್ತಿದ್ದ ಆಟದಂಗಡಿಯನ್ನು ಮುಚ್ಚಿದಾಗ, ಕಾಸು ಹಾಕಿ ಆಡುವ ಹಳೆಯ ವಿಡಿಯೋ ಪೆಟ್ಟಿಗೆಯೊಂದನ್ನು ಹುತ್ತೂರಿಗೆ ಕಳುಹಿಸಿಕೊಟ್ಟರು. ಅದರೊಳಗಿನ ಆಟವು 1980ರಲ್ಲಿ ಜಪಾನಿನ ನಾಮ್ಕೋ ಕಂಪನಿಯವರು ಹೊರಡಿಸಿದ ಪ್ಯಾಕ್-ಮ್ಯಾನ್. ಹಳದಿ ಬಣ್ಣದ ಬಾಯಾಳಿ ಗುಂಡನೊಬ್ಬನು ಓಣಿ ಓಣಿ ತಿರುಗುತ್ತಾ ಚುಕ್ಕೆಗಳನ್ನು ನುಂಗುವನು. ನಾಲ್ಕು ಬಣ್ಣದ ಭೂತಗಳು ಅವನನ್ನು ಅಟ್ಟುವವು. ಇಂಥ ವಸ್ತುವನ್ನು ಶಾಲೆಯೊಳಗೆ ಸೇರಿಸಬಹುದೋ ಎಂದು ನಾವು ಮೊದಲು ಸಂಕೋಚಪಟ್ಟೆವು. ವಿಜ್ಞಾನದ ಕೊಠಡಿಯಲ್ಲಿ ಇರಲೆಂದು ಕಡೆಗೆ ಒಪ್ಪಿದೆವು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಹಳದಿ ಗುಂಡನು ಎಲೆಹಸುರಾಗಿದ್ದನು. ಗುಲಾಬಿ ಭೂತವು ನೀಲಿಯಾಗಿತ್ತು. ಕೆಂಪು ಭೂತವಂತೂ ಮಾಯವಾಗಿ, ಅದರ ಎರಡು ಕಣ್ಣುಗಳು ಮಾತ್ರ ಕತ್ತಲೆಯಲ್ಲಿ ಓಡಾಡುತ್ತಿದ್ದವು. ನಾವು ಕೊಠಡಿಯನ್ನು ಹೊಕ್ಕಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪೆಟ್ಟಿಗೆಯನ್ನು ಅಂಗೈಯಿಂದ ಬಡಿಯುತ್ತಿದ್ದಳು. ಕಣ್ಣಾರೆ ಕಂಡ ಮೇಲೆ ವಿಚಾರಣೆ ಏತಕ್ಕೆಂದು ತಿಳಿದು, ಅವಳ ಹೆಸರನ್ನು ಶಿಕ್ಷೆಯ ಪುಸ್ತಕದಲ್ಲಿ ಬರೆದು ಹೊರಗೆ ಕಳುಹಿಸಿದೆವು.

ಕೋಲಾರದಿಂದ ಟೀವಿ ರಿಪೇರಿ ಮಾಡುವವರೊಬ್ಬರನ್ನು ಕರೆಯಿಸಿದೆವು. ಅವರು ಬರುವದರೊಳಗಾಗಿ ಇದನ್ನೇ ಪಾಠವಾಗಿ ಮಾಡಬಾರದೇಕೆ ಎಂದು ತೋರಿತು. ಹಳದಿಯು ಹಸುರಾಗುವದು ಹೇಗೆ? ನೀಲಿ ಬೆರೆತರೆ ಎಂದು ಹುಡುಗಿಯರು ಕೂಡಲೇ ಹೇಳಿದರು. ಬಣ್ಣದ ಪೆಟ್ಟಿಗೆಯಲ್ಲಿ ಅದು ಸರಿಯೇ. ಬೆಳಕಿನಲ್ಲಿ ಲೆಕ್ಕ ಬೇರೆ. ಕೆಂಪು ಬೆಳಕೂ ಹಸುರು ಬೆಳಕೂ ಒಂದೇ ಕಡೆ ಬಿದ್ದರೆ ಕಣ್ಣಿಗೆ ಹಳದಿ ಕಾಣುವದು. ಕೆಂಪು, ಹಸುರು, ನೀಲಿ ಎಂಬ ಮೂರರಿಂದಲೇ ಬಣ್ಣದ ಚಿತ್ರವನ್ನು ಕೂಡಿಸಬಹುದೆಂದು ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿಯು 1861ರಲ್ಲಿಯೇ ತೋರಿಸಿದ್ದನು. ಹಳೆಯ ಗಾಜಿನ ಚಿತ್ರನಳಿಗೆಯ ಕೆಲಸವೂ ಇದೇ: ಅದರ ಕತ್ತಿನಿಂದ ಮೂರು ಎಲೆಕ್ಟ್ರಾನ್ ಧಾರೆಗಳು ಹೊರಟು, ಪರದೆಯ ಒಳಮೈಗೆ ಬಳಿದ ಮೂರು ಜಾತಿಯ ಚುಕ್ಕೆಗಳನ್ನು ಬೆಳಗಿಸುವವು. ಭೂತಗನ್ನಡಿಯನ್ನು ಹಿಡಿದು ನೋಡಿದೆವು. ಗುಂಡನ ಮೈಯಲ್ಲಿ ಹಸುರು ಚುಕ್ಕೆಗಳು ಉರಿಯುತ್ತಿದ್ದವು; ಕೆಂಪು ಚುಕ್ಕೆಗಳು ಆರಿದ್ದವು. ಆದುದರಿಂದ ಹಸುರು ಹೆಚ್ಚಿದ್ದಲ್ಲ, ಕೆಂಪು ತಪ್ಪಿದ್ದು.

ರಿಪೇರಿಯವರು ಬಂದವರೇ ಮಕ್ಕಳೆಲ್ಲರನ್ನೂ ಹಿಂದಕ್ಕೆ ನಿಲ್ಲಿಸಿದರು. ಈ ನಳಿಗೆಗೆ ಸುಮಾರು 20,000 ವೋಲ್ಟು ಬೇಕು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರಲ್ಲಿ ವಿದ್ಯುತ್ತು ಉಳಿದಿರುವದುಂಟು. ಬಣ್ಣದ ಟೀವಿಯು ನಮ್ಮ ದೇಶಕ್ಕೆ 1982ರಲ್ಲಿ ಬಂದಿತು. ಅಂಥ ಹಳೆಯ ಟೀವಿಯು ಇನ್ನೂ ಅಟ್ಟದ ಮೇಲಿದ್ದರೆ, ಅದರ ಬೆನ್ನನ್ನು ಮಕ್ಕಳು ಬಿಚ್ಚದಂತೆ ತಾಯಿತಂದೆಗಳು ದಯವಿಟ್ಟು ನೋಡಿಕೊಳ್ಳಬೇಕು.

ಒಂದು ಮೂಲೆಯಲ್ಲಿ ಮಾತ್ರ ಬಣ್ಣ ಕೆಟ್ಟಿದ್ದರೆ ಹತ್ತಿರದ ಅಯಸ್ಕಾಂತದ ಮೇಲೆ ಅನುಮಾನಪಡಬೇಕಾಗಿತ್ತು. ಇಲ್ಲಿ ಪರದೆಯುದ್ದಕ್ಕೂ ಒಂದೇ ದೋಷ. ಹಾಗಾದರೆ ತಪ್ಪು ಆಟದ ಹಲಗೆಯದೋ, ಚಿತ್ರನಳಿಗೆಯ ಕಡೆಯದೋ? ಆಟದ ಹಲಗೆಯಿಂದ ಚಿತ್ರದ ಕಡೆಗೆ ಹೋಗುವ ತಂತಿಗಳಲ್ಲಿ ಕೆಂಪಿನದನ್ನೂ ಹಸುರಿನದನ್ನೂ, ವಿದ್ಯುತ್ತನ್ನು ನಿಲ್ಲಿಸಿ, ಅವರು ಅದಲುಬದಲು ಮಾಡಿದರು. ಆಟದ ಹಲಗೆಯು ಕೆಂಪನ್ನು ಕಳುಹಿಸದೆ ಇದ್ದರೆ ಈಗ ಹಸುರು ತಪ್ಪಿ ಕೆಂಪು ಕಾಣಬೇಕು. ಚಿತ್ರದ ಕಡೆಯೇ ಕೆಟ್ಟಿದ್ದರೆ ಈಗಲೂ ಕೆಂಪೇ ತಪ್ಪಬೇಕು. ಹುಡುಗಿಯರು ಉಸಿರು ಬಿಗಿಹಿಡಿದು ನಿಂತಿದ್ದರು. ಪೆಟ್ಟಿಗೆ ಹೊತ್ತಿಕೊಂಡಿತು, ಕೆಂಪಿನ ಸುಳಿವೇ ಇಲ್ಲ. ಒಂದು ರೂಪಾಯಿಯ ಖರ್ಚಿಲ್ಲದೆ ಅರ್ಧ ಯಂತ್ರವು ನಿರಪರಾಧಿಯಾಯಿತು!

ಆಗ ಅವರು, "ತಟ್ಟಿದರೆ ಬಣ್ಣ ಬರುತ್ತಿತ್ತೇ?" ಎಂದು ನಮ್ಮನ್ನು ಕೇಳಿದರು. ನಮಗೆ ಉತ್ತರ ತಿಳಿಯದು. ಬಾಗಿಲ ಹೊರಗಿನಿಂದ ಒಂದು ಸಣ್ಣ ಧ್ವನಿ ಬಂದಿತು: "ಬರುತ್ತಿತ್ತು ಅಮ್ಮಾ. ಬೆಳಿಗ್ಗೆ ಬಂದಾಗಲೇ ಕೆಂಪು ಇರಲಿಲ್ಲ. ಎಡಗಡೆ ತಟ್ಟಿದರೆ ಬಂದು ಹೋಗುತ್ತಿತ್ತು. ಬಲಗಡೆ ತಟ್ಟಿದರೆ ಇಲ್ಲ."

ರಿಪೇರಿಯವರು ನಕ್ಕು, ಅರ್ಧ ಕೆಲಸ ಮುಗಿಯಿತೆಂದರು. ತಟ್ಟಿದರೆ ಬಂದುಹೋಗುವ ಬಣ್ಣವು ಸತ್ತ ನಳಿಗೆಯ ಲಕ್ಷಣವಲ್ಲ, ಸಡಿಲವಾದ ಬೆಸುಗೆಯ ಲಕ್ಷಣವಂತೆ. ಉಳಿದ ವಿದ್ಯುತ್ತನ್ನು ಇಳಿಸಿ, ನಳಿಗೆಯ ಕತ್ತಿಗೆ ಸಿಕ್ಕಿಸಿದ ಸಣ್ಣ ಹಲಗೆಯನ್ನು ಬಿಡಿಸಿ ನಮ್ಮ ಮುಂದಿಟ್ಟರು. ಅವಳನ್ನು ಒಳಗೆ ಕರೆದು ಭೂತಗನ್ನಡಿಯನ್ನು ಅವಳ ಕೈಗೇ ಕೊಟ್ಟೆವು. ಕೆಂಪಿನ ಟ್ರಾನ್ಸಿಸ್ಟರಿನ ಕಾಲಿನ ಸುತ್ತ, ಕೂದಲೆಳೆಯಷ್ಟು ತೆಳ್ಳಗೆ, ಕಪ್ಪಾದ ಉಂಗುರದಂಥ ಬಿರುಕು ಇತ್ತು. ದಿನವೂ ಕಾಯುತ್ತಾ ಆರುತ್ತಾ ವರುಷಗಟ್ಟಲೆ ಹಿಗ್ಗಿ ಕುಗ್ಗಿದ ಬೆಸುಗೆಯು ಹೀಗೆ ಬಿಡುವದಂತೆ. ಅಂಗೈಯ ಪೆಟ್ಟಿನಿಂದ ಒಂದು ದಿನದಲ್ಲಿ ಆದ ಗಾಯವಲ್ಲವದು. ಹೊಸ ಬೆಸುಗೆ ಹಾಕುವದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ತಂತಿಗಳನ್ನು ಮೊದಲಿನಂತೆ ಸಿಕ್ಕಿಸಿದೊಡನೆ ಕಣ್ಣುಗಳಿಗೆ ಕೆಂಪು ಮೈ ಬಂದಿತು, ಗುಂಡನು ಹಳದಿಯಾದನು.

ಮರುದಿನ ತರಗತಿಯೆಲ್ಲಾ ನೋಡುತ್ತಿರುವಾಗ ಶಿಕ್ಷೆಯ ಪುಸ್ತಕದಲ್ಲಿ ಅವಳ ಹೆಸರನ್ನು ನಾವೇ ಹೊಡೆದುಹಾಕಿ ಪಕ್ಕದಲ್ಲಿ ರುಜು ಹಾಕಿದೆವು. ಪೆಟ್ಟಿಗೆಗೆಂದು ಒಂದು ಬೇರೆ ಪುಸ್ತಕವನ್ನಿಟ್ಟು, ಕಂಡದ್ದನ್ನು ಕಂಡಂತೆ ಬರೆಯುವ ಕೆಲಸವನ್ನು ಅವಳಿಗೆ ವಹಿಸಿದ್ದೇವೆ. ಕಳೆದ ವಾರದ ಬರಹವು ಇದು: "ಹಸುರು ಸ್ವಲ್ಪ ಮಂಕು. ತಟ್ಟಿದರೂ ವ್ಯತ್ಯಾಸವಿಲ್ಲ."