ಅತ್ತೆ ಕೊಟ್ಟ ಉಂಗುರ ಸಡಿಲವಾದರೆ

ಮಗಳೇ,

ನಿಮ್ಮತ್ತೆ ತಮ್ಮ ಬೆರಳಿನಿಂದ ತೆಗೆದು ನಿನಗೆ ತೊಡಿಸಿದ ಉಂಗುರ ಜಾರುತ್ತಿದೆ, ದಾವಣಗೆರೆಗೆ ಹೋದಾಗ ಕತ್ತರಿಸಿ ಚಿಕ್ಕದು ಮಾಡಿಸಲೇ ಎಂದು ಕೇಳಿದ್ದೀಯ. ಈಗಲೇ ಬೇಡ. ಒಂದು ವರ್ಷವಾದರೂ ಅದನ್ನು ಅಕ್ಕಸಾಲಿಗರ ಕೈಗೆ ಕೊಡಬೇಡ. ಮನೆಯಲ್ಲೇ ಕೂತು ದಾರ ಸುತ್ತಿಕೋ.

ಬೆರಳು ಸದಾ ಒಂದೇ ಅಳತೆಯಲ್ಲಿ ಇರುವುದಿಲ್ಲ. ತಣ್ಣೀರಲ್ಲಿ ಕೈ ಅದ್ದಿದರೆ ಸಣ್ಣಗಾಗುತ್ತದೆ, ಬಿಸಿಲಲ್ಲಿ ದುಡಿದು ಬಂದರೆ ಊದಿಕೊಂಡಿರುತ್ತದೆ, ಉಪ್ಪು ಹೆಚ್ಚು ತಿಂದ ಮಾರನೆಯ ದಿನವೂ ಅಷ್ಟೇ. ನೀನು ನೋಡಿದ್ದು ಮಾಘದ ಚಳಿಯಲ್ಲಿ. ನಮ್ಮ ಜಗಳೂರಿನ ಏಪ್ರಿಲ್ ಬಿಸಿಲು ಬರಲಿ, ಅದೇ ಉಂಗುರ ಎಷ್ಟೋ ಬಿಗಿಯಾಗಿ ಕೂರುತ್ತದೆ. ನಾಳೆ ನೀನು ಬಸುರಿಯಾದರೆ ಕೈಕಾಲು ಊದುವುದುಂಟು, ಹೆರಿಗೆಯಾದ ಮೇಲೆ ಇಳಿಯುವುದೂ ಉಂಟು. ಇವತ್ತಿನ ಬೆರಳಿಗೆ ಸರಿಯಾಗಿ ಕತ್ತರಿಸಿದ ಉಂಗುರ ಆಗ ಸಿಕ್ಕಿಕೊಂಡರೆ ಆಸ್ಪತ್ರೆಯಲ್ಲಿ ತುಂಡರಿಸಿಯೇ ತೆಗೆಯಬೇಕಾಗಬಹುದು. ಇನ್ನೊಂದು ಮಾತು: ಅದು ನಿಮ್ಮತ್ತೆಯ ಬೆರಳಲ್ಲಿ ವರ್ಷಗಟ್ಟಲೆ ಇದ್ದದ್ದು. ಮುಂದೆ ನಿನ್ನ ಸೊಸೆಗೋ ಮಗಳಿಗೋ ಹೋಗುವಂಥದ್ದು. ಅವಳ ಬೆರಳು ನಿನ್ನದಕ್ಕಿಂತ ದಪ್ಪವಿದ್ದರೆ? ದಾರವನ್ನು ಬಿಚ್ಚಬಹುದು. ಕತ್ತರಿಸಿ ತೆಗೆದ ಚಿನ್ನವನ್ನು ಮತ್ತೆ ಹಾಗೇ ಕೂಡಿಸಲಾಗದು.

ಮೊದಲು ಅದು ನಿಜಕ್ಕೂ ಸಡಿಲವೇ ಎಂದು ನೋಡಿಕೋ. ಸಂಜೆ ಹೊತ್ತು, ಕೈ ಬೆಚ್ಚಗಿರುವಾಗ ತೊಟ್ಟು, ಕೈ ಕೆಳಗೆ ಬಿಟ್ಟು ಒದರು. ಗೆಣ್ಣಿನ ಹತ್ತಿರ ತಡೆಯಿಲ್ಲದೆ ಉಂಗುರ ದಾಟಿ ಬಂದರೆ ಸಡಿಲ. ಗೆಣ್ಣಿಗೆ ತಡೆದು ನಿಂತು, ಕಲ್ಲಿನ ಭಾರಕ್ಕೆ ಬರೀ ತಿರುಗುತ್ತಿದ್ದರೆ ಅದು ಬಿದ್ದುಹೋಗುವ ಉಂಗುರವಲ್ಲ. ಅದಕ್ಕೆ ನಾಲ್ಕು ಸುತ್ತು ದಾರ ಸಾಕು.

ದಾರ ಸುತ್ತುವುದಕ್ಕೂ ಒಂದು ಕ್ರಮವಿದೆ. ಹತ್ತಿಯ ದಾರವೇ ಆಗಬೇಕು, ಕಸೂತಿ ದಾರವಾದರೆ ಇನ್ನೂ ಮೆತ್ತಗಿರುತ್ತದೆ. ಗಾಳಕ್ಕೆ ಕಟ್ಟುವಂಥ ನೈಲಾನ್ ದಾರ ಬೇಡ, ಚರ್ಮ ಕೊರೆಯುತ್ತದೆ. ಉಂಗುರವನ್ನು ಸೋಪಿನ ನೀರಲ್ಲಿ ತೊಳೆದು ಒರೆಸು, ಎಣ್ಣೆಯ ಪಸೆ ಇದ್ದರೆ ದಾರ ಜಾರುತ್ತದೆ. ದಾರದ ತುದಿಯನ್ನು ಅಂಗೈ ಕಡೆ ಬರುವ ಭಾಗದ ಉದ್ದಕ್ಕೂ ಮಲಗಿಸಿ, ಅದರ ಮೇಲೆಯೇ ಒತ್ತೊತ್ತಾಗಿ, ಒಂದರ ಪಕ್ಕ ಒಂದು ಬರುವಂತೆ ಬಿಗಿಯಾಗಿ ಸುತ್ತು. ಮೊದಲ ತುದಿ ಅದರಡಿಯಲ್ಲೇ ಹುದುಗಿಹೋಗುತ್ತದೆ. ಅರ್ಧ ಇಂಚಿನಷ್ಟು ಸುತ್ತಿ, ತೊಟ್ಟು ನೋಡು. ಸಾಲದಿದ್ದರೆ ಮೇಲೆ ಇನ್ನೊಂದು ಸಾಲು. ಆಮೇಲೆ ಕೊನೆಯ ತುದಿಯನ್ನು ಸೂಜಿಗೆ ಪೋಣಿಸಿ ಸುತ್ತುಗಳ ಅಡಿಯಿಂದ ತೂರಿಸಿ ಎಳೆದು ಕತ್ತರಿಸು. ಗಂಟು ಹಾಕಬೇಡ, ದಿನವಿಡೀ ಬೆರಳಿಗೆ ಒತ್ತುತ್ತದೆ. ಹತ್ತಿ ನೆನೆದಾಗ ಸ್ವಲ್ಪ ಉಬ್ಬುತ್ತದೆ, ಅದಕ್ಕೆ ಒಂದು ಎಳೆ ಕಡಿಮೆಯೇ ಇರಲಿ. ಒದ್ದೆ ದಾರ ಬೆರಳಲ್ಲೇ ಉಳಿದರೆ ಚರ್ಮ ಬೆಳ್ಳಗಾಗಿ ತುರಿಸುತ್ತದೆ. ರಾತ್ರಿ ತೆಗೆದಿಟ್ಟು ಒಣಗಿಸು, ಕಪ್ಪಾದ ಕೂಡಲೇ ಬಿಚ್ಚಿ ಹೊಸದು ಸುತ್ತು.

ಫ್ಯಾನ್ಸಿ ಅಂಗಡಿಯಲ್ಲಿ ಉಂಗುರಕ್ಕೆ ಸುತ್ತುವ ಪ್ಲಾಸ್ಟಿಕ್ ಸುರುಳಿ ಸಿಗುತ್ತದೆ, ಅದೂ ಆಗಬಹುದು. ಸಡಿಲ ಉಂಗುರದ ಮುಂದೆ, ಉಗುರಿನ ಕಡೆಗೆ, ಬಿಗಿಯಾದ ಇನ್ನೊಂದು ಸಾದಾ ಉಂಗುರ ಹಾಕುವುದೂ ಒಳ್ಳೆಯ ಉಪಾಯ. ಆದರೆ ಎರಡೂ ಉಜ್ಜಿಕೊಂಡು ಚಿನ್ನ ಸವೆಯುತ್ತದೆ, ಹಾಗಾಗಿ ಮದುವೆ ಮುಂಜಿಗಷ್ಟೇ ಇರಲಿ. ಒಳಗೆ ನೇಲ್ ಪಾಲಿಶ್ ಬಳಿಯುವವರಿದ್ದಾರೆ. ಕೆಲವರ ಚರ್ಮಕ್ಕೆ ಅದು ಆಗದು, ಅಳಿಸುವ ದ್ರಾವಣ ಮುತ್ತು ಹವಳಕ್ಕೆ ತಾಗಿದರೆ ಅವು ಹಾಳಾಗುತ್ತವೆ. ಫೆವಿಕ್ವಿಕ್ ಅಂತೂ ಹತ್ತಿರ ತರಬೇಡ.

ಇಕ್ಕಳದಿಂದ ಒತ್ತುವುದು ಎಲ್ಲಕ್ಕಿಂತ ಕೆಟ್ಟದ್ದು. ಮುಚ್ಚಿದ ಉಂಗುರವನ್ನು ಎಷ್ಟು ಒತ್ತಿದರೂ ಸುತ್ತಳತೆ ಕಡಿಮೆಯಾಗುವುದಿಲ್ಲ, ದುಂಡಗಿದ್ದದ್ದು ಸೊಟ್ಟಗಾಗುತ್ತದೆ ಅಷ್ಟೇ. 22 ಕ್ಯಾರೆಟ್ ಎಂದರೆ ನೂರಕ್ಕೆ 91.6 ಪಾಲು ಚಿನ್ನ, ಬಲು ಮೆತ್ತಗಿನ ಲೋಹ. ಒತ್ತಿದ ಕಡೆ ಗಾಯವಾಗುತ್ತದೆ, ಬೆಸುಗೆ ಬಿಡುತ್ತದೆ, ಕಲ್ಲು ಹಿಡಿದ ಕಾಲುಗಳು ಸಡಿಲಗೊಂಡು ಕಲ್ಲು ಎಲ್ಲೋ ಉದುರಿಹೋಗುತ್ತದೆ. ಕಾಲುಂಗುರದ ಮಾತು ಬೇರೆ. ಬಾಯಿ ಬಿಟ್ಟ ಬೆಳ್ಳಿಯ ಕಾಲುಂಗುರವನ್ನು ಬೆರಳಿಂದಲೇ ಮೆಲ್ಲಗೆ ಅಮುಕಿ ಬಿಗಿ ಮಾಡಬಹುದು. ಅದನ್ನೂ ಪದೇ ಪದೇ ಹಿಗ್ಗಿಸಿ ಕುಗ್ಗಿಸಿದರೆ ಬೆಳ್ಳಿ ಬಿರುಸಾಗಿ ಒಂದು ದಿನ ಮುರಿಯುತ್ತದೆ.

ಕಾಳಿದಾಸನ ಶಕುಂತಲೆ ಉಂಗುರ ಕಳೆದುಕೊಂಡದ್ದು ಎಲ್ಲಿ ಹೇಳು? ಶಚೀತೀರ್ಥದಲ್ಲಿ, ನೀರಿಗೆ ಕೈಮುಗಿಯುವಾಗ. ದೂರ್ವಾಸರ ಶಾಪದ ಮಾತು ಹಾಗಿರಲಿ, ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ, ಒದ್ದೆಗೆ ನುಣುಪಾಗಿ ಉಂಗುರ ಜಾರುವುದನ್ನು ನಾನು ನಂಬುತ್ತೇನೆ. ನಿನಗೂ ಹಾಗೆ ನೀರಿಗೆ ಕೈ ಇಳಿಸುವ ಹೊತ್ತು ಬರುತ್ತದೆ: 57 ಕೆರೆ ತುಂಬಿಸುವ ಯೋಜನೆಯಲ್ಲಿ ತುಂಗಭದ್ರೆಯ ನೀರು ನಮ್ಮ ಕಡೆಯ ಕೆರೆಗಳಿಗೆ ಹರಿಯಿತು. ಬರಗಾಲವನ್ನೇ ಕಂಡು ಬೆಳೆದ ನಮಗೆ ತುಂಬಿದ ಕೆರೆಗೆ ಬಾಗಿನ ಕೊಡುವುದಕ್ಕಿಂತ ದೊಡ್ಡ ಹಬ್ಬ ಯಾವುದಿದೆ? ಹೋಗು, ಬಾಗಿನ ಬಿಡು. ಆದರೆ ಕೈ ನೀರಿಗಿಳಿಸುವ ಮೊದಲು ಉಂಗುರ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೋ. ಶೇಂಗಾ ಬಿಡಿಸುವಾಗ, ಮೆಕ್ಕೆಜೋಳದ ತೆನೆ ಸುಲಿಯುವಾಗ, ಹಿಟ್ಟು ನಾದುವಾಗಲೂ ಹಾಗೇ. ಒಕ್ಕಣೆ ಯಂತ್ರದ ಹತ್ತಿರ, ಮೇವು ಕತ್ತರಿಸುವ ಯಂತ್ರದ ಹತ್ತಿರ, ತೇರಿನ ಹಗ್ಗ ಹಿಡಿಯುವಾಗ ಸಡಿಲವೋ ಬಿಗಿಯೋ, ಯಾವ ಉಂಗುರವೂ ಬೆರಳಲ್ಲಿ ಇರಕೂಡದು. ಉಂಗುರ ಎಲ್ಲಾದರೂ ಸಿಕ್ಕಿಕೊಂಡರೆ ಬೆರಳಿನ ಚರ್ಮವನ್ನೇ ಸುಲಿದುಬಿಡುತ್ತದೆ. ಇದನ್ನು ನಿನ್ನ ಗಂಡನಿಗೂ ಹೇಳು.

ವರ್ಷವಾದ ಮೇಲೂ ಸಡಿಲವೇ ಎನಿಸಿದರೆ ಅತ್ತೆಯನ್ನು ಕೇಳಿ, ಅವರನ್ನೂ ಕರೆದುಕೊಂಡು, ಪರಿಚಯದ ಅಕ್ಕಸಾಲಿಗರ ಬಳಿ ಹೋಗು. ಒಳಗಿನ ಅಗಲ ಒಂದು ಮಿಲಿಮೀಟರ್ ತಗ್ಗಿದರೆ ಸುತ್ತಳತೆ ಮೂರು ಮಿಲಿಮೀಟರಿಗೂ ಹೆಚ್ಚು ಇಳಿಯುತ್ತದೆ, ಆದ್ದರಿಂದ ಅಂದಾಜಿಗೆ ಬಿಡದೆ ಸಂಜೆಯ ಅಳತೆಯನ್ನೇ ಕೊಡು. ಮುತ್ತು ಹವಳವಿದ್ದರೆ ಬೆಂಕಿಗೆ ಹಿಡಿಯುವ ಮೊದಲು ಬಿಡಿಸಲು ಹೇಳು. ಕೆಲಸಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನಿನ್ನೆದುರೇ ತೂಗಿಸು, ಕತ್ತರಿಸಿದ ಚೂರನ್ನು ಕೇಳಿ ಪಡೆ. ಕೇಳಲು ಸಂಕೋಚ ಬೇಡ, ಅದು ನಿಮ್ಮದೇ ಚಿನ್ನ. ಹಳೆಯದನ್ನು ಕೊಟ್ಟು ಹೊಸದು ತೆಗೆದುಕೊಳ್ಳಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ನಿನ್ನ ನಿಶ್ಚಿತಾರ್ಥದ ಉಂಗುರದ ಒಳಗೆ 916 ಎಂಬ ಗುರುತಿನ ಜೊತೆ ಆರು ಅಕ್ಷರ-ಅಂಕೆಗಳ ಎಚ್‌ಯುಐಡಿ ಇರುತ್ತದೆ, 2023ರ ಏಪ್ರಿಲ್ 1ರಿಂದ ಅಂಗಡಿಯವರಿಗೆ ಅದು ಕಡ್ಡಾಯ. ಆ ಉಂಗುರವನ್ನು ಎಂದಾದರೂ ಚಿಕ್ಕದು ಮಾಡಿಸಿದರೆ ಆ ಗುರುತು ಉಳಿಯುವಂತೆ ಬೇರೆ ಕಡೆ ಕತ್ತರಿಸಲು ಹೇಳು. ನಿಮ್ಮತ್ತೆಯ ಉಂಗುರ ಆ ಗುರುತು ಬರುವುದಕ್ಕೂ ಎಷ್ಟೋ ಹಿಂದಿನದು. ಅಂಗಡಿಯವರು ಅದಕ್ಕೆ ವಟ್ಟ ಹಿಡಿದೇ ಬೆಲೆ ಕಟ್ಟುತ್ತಾರೆ.

ಒಂದು ಮಾತು ಮರೆಯುವ ಮುಂಚೆ ಹೇಳಿಬಿಡುತ್ತೇನೆ. ಈ ಒಂದು ಉಂಗುರವಲ್ಲದೆ, ನಿನ್ನದೇ ಅಳತೆಯ ಉಂಗುರ, ಬಳೆಗಳೂ ಸಡಿಲವಾಗುತ್ತಾ ಬಂದರೆ ದಾರ ಹುಡುಕಬೇಡ. ತಾಲ್ಲೂಕು ಆಸ್ಪತ್ರೆಗೆ ಹೋಗಿ ತೂಕ, ರಕ್ತ, ಸಕ್ಕರೆ ಎಲ್ಲ ನೋಡಿಸು. ಹೊಸ ಮನೆಯಲ್ಲಿ ಸಂಕೋಚಪಟ್ಟು ಅರೆಹೊಟ್ಟೆ ಉಣ್ಣುತ್ತಿದ್ದರೆ ಅದನ್ನು ನನಗೆ ಫೋನ್ ಮಾಡಿ ಹೇಳು.