‘ಬಿಡು’: ಧಾತು ಒಂದು, ಅರ್ಥ ಹಲವು

ಇಂಗ್ಲಿಷ್ ಪಾಠದಲ್ಲಿ ‘ಅಬ್ಯಾಂಡನ್’ ಎಂಬ ಕ್ರಿಯಾಪದ ಬಂದೊಡನೆ ವಿದ್ಯಾರ್ಥಿಗಳು ಪುಟದಂಚಿನಲ್ಲಿ ‘ಬಿಡು’ ಎಂದು ಬರೆದುಕೊಳ್ಳುತ್ತಾರೆ. ‘ಲೀವ್’ ಬಂದರೂ ‘ಬಿಡು’, ‘ಗಿವ್ ಅಪ್’ ಬಂದರೂ ‘ಬಿಡು’. ಇದು ತಪ್ಪಲ್ಲ, ಆದರೆ ಇಷ್ಟೇ ಸಾಲದು.

‘ಅಬ್ಯಾಂಡನ್’ ಹಳೆಯ ಫ್ರೆಂಚ್ ಭಾಷೆಯಿಂದ ಬಂದ ಪದ. ಇನ್ನೊಬ್ಬರ ಅಧೀನಕ್ಕೆ ಒಪ್ಪಿಸುವುದು ಅದರ ಮೂಲಾರ್ಥ. ಇಂದು ಅದನ್ನು ಸಂದರ್ಭಕ್ಕೆ ತಕ್ಕಂತೆ ಕನ್ನಡಿಸಬೇಕು.

1. ಮುಳುಗುವ ಹಡಗನ್ನು: ತೊರೆ.
2. ಹೆತ್ತ ಮಗುವನ್ನು: ಕೈಬಿಡು.
3. ಮಳೆ ಬಂದಾಗ ಕ್ರಿಕೆಟ್ ಪಂದ್ಯವನ್ನು: ಅರ್ಧಕ್ಕೆ ನಿಲ್ಲಿಸು.
4. ತನ್ನನ್ನು ದುಃಖಕ್ಕೆ: ಒಪ್ಪಿಸಿಕೊ.

‘ಲೀವ್’ ಎಂದಾಗ ಹೋದವನು ಸಂಜೆಗೆ ಮರಳಿ ಬರಬಹುದು. ‘ಅಬ್ಯಾಂಡನ್’ ಎಂದಾಗ ಆ ಭರವಸೆಯಿಲ್ಲ. ಕರ್ತವ್ಯ ಬಿಟ್ಟೋಡುವ ಸೈನಿಕನಿಗೆ ‘ಡೆಸರ್ಟ್’ ಎಂಬ ಬೇರೆ ಪದವೇ ಇದೆ.

ಇನ್ನು ನಮ್ಮ ‘ಬಿಡು’ವನ್ನು ನೋಡೋಣ. ಗಿಡ ಹೂ ಬಿಡುತ್ತದೆ, ಮಳೆ ಬಿಡುತ್ತದೆ, ನೊಗದಿಂದ ಎತ್ತುಗಳನ್ನು ಬಿಡುತ್ತೇವೆ. ಬಿಡುವು, ಬಿಡುಗಡೆ ಇದರಿಂದಲೇ ಹುಟ್ಟಿದ ಪದಗಳು. ನಮ್ಮ ಜಿಲ್ಲೆಯ ಧರ್ಮಪುರಿ ಅಂದಿನ ತಗಡೂರು. ಅಲ್ಲಿ 9ನೆಯ ಶತಮಾನದ ನೊಳಂಬರ ಕನ್ನಡ ಶಾಸನ ಸಿಕ್ಕಿದೆ. ಕನ್ನಡ ಶಾಸನಗಳಲ್ಲಿ ಅರಸನು ಗುಡಿಗೆ ಭೂಮಿ ‘ಬಿಟ್ಟ’ ಎಂದಿದ್ದರೆ ತೊರೆದ ಎಂದಲ್ಲ, ದಾನ ಕೊಟ್ಟ ಎಂದರ್ಥ.

ಕಂಬೈನಲ್ಲೂರಿನ ಮಕ್ಕಳಿಗೆ ಇದರ ತಮಿಳು ರೂಪವಾದ ‘ವಿಡು’ ಹೊಸದಲ್ಲ. ಬಾ–ವಾ, ಬೇರು–ವೇರ್, ಬಿಲ್ಲು–ವಿಲ್ ಇದ್ದಂತೆಯೇ ಬಿಡು–ವಿಡು. ನಾವು ‘ಹೋಗಿಬಿಟ್ಟ’ ಎಂದರೆ ತಮಿಳರು ‘ಪೋಯ್ವಿಟ್ಟಾನ್’ ಎನ್ನುತ್ತಾರೆ. ಇಲ್ಲಿ ‘ಬಿಡು’ ಸಹಾಯಕ ಕ್ರಿಯಾಪದ. ಕೆಲಸ ಪೂರ್ತಿ ಮುಗಿಯಿತೆಂಬುದನ್ನು ಅದು ಸೂಚಿಸುತ್ತದೆ.

ಹಿಂದೊಮ್ಮೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಶಾಲೆಗೆ ಬಾರದಾದ. ನಾವು ಮನೆಗೆ ಹೋಗಿ ವಿಚಾರಿಸಿದಾಗ ಅವನ ತಂದೆ ತಲೆ ತಗ್ಗಿಸಿ, “ಅವನು ಸ್ಕೂಲು ಬಿಟ್ಟುಬಿಟ್ಟ” ಎಂದರು. ಮೊದಲ ‘ಬಿಡು’ ತೊರೆದದ್ದನ್ನು ಹೇಳಿತು; ಎರಡನೆಯದು ಬಾಗಿಲನ್ನೇ ಮುಚ್ಚಿತು. “‘ಬಿಟ್ಟುಬಿಟ್ಟ’ ಎನ್ನಬೇಡಿ, ‘ಬಿಟ್ಟಿದ್ದಾನೆ’ ಎನ್ನಿ; ಬಿಟ್ಟಿರುವವನು ಮತ್ತೆ ಸೇರಬಹುದು” ಎಂದೆವು. ತಂದೆ ನಕ್ಕರು. ಪೊಂಗಲ್ ಕಳೆದ ಮೇಲೆ ಹುಡುಗ ಪುಸ್ತಕದ ಚೀಲ ಹೊತ್ತು ಬಂದ.

ವಿದ್ಯಾರ್ಥಿಗಳೇ, ‘ಶಾಲೆ ಬಿಟ್ಟಿತು’ ಎಂಬುದು ದಿನವೂ ಸಂಜೆ ನಿಮ್ಮ ಬಾಯಲ್ಲಿ ಬರುವ ಸಂತೋಷದ ಮಾತು. ‘ಶಾಲೆ ಬಿಟ್ಟೆ’ ಎಂಬುದು ಹಾಗಲ್ಲ. ಕರ್ತೃಪದ ಬದಲಾದರೆ ಬಾಳೇ ಬದಲಾಗುತ್ತದೆ. ಪೋಷಕರೂ ಇದನ್ನು ಮನಗಾಣಬೇಕೆಂದು ಕೋರುತ್ತೇವೆ.

ಅಭ್ಯಾಸ: ‘ಬಿಡು’ ಧಾತುವನ್ನು ಐದು ಬೇರೆ ಬೇರೆ ಅರ್ಥಗಳಲ್ಲಿ ಬಳಸಿ ವಾಕ್ಯ ರಚಿಸಿರಿ. ಮನೆಯ ಹಿರಿಯರನ್ನು ಕೇಳಿ ಆರನೆಯದೊಂದನ್ನು ಸೇರಿಸಿರಿ.