ಪಿಕಪ್ ಗಾಡಿಯ ಮುಂದಿನ ಬಾಲ್ ಜಾಯಿಂಟುಗಳು: ಅವುಗಳ ಪರೀಕ್ಷೆಯೂ ಬದಲಾವಣೆಯೂ

ಎತ್ತಿನ ಗಾಡಿಯನ್ನು ಹೂಡುವುದಕ್ಕೆ ಮೊದಲು ನಮ್ಮ ಹಿರಿಯರು ಕಡಾಣಿಯನ್ನು ಮುಟ್ಟಿನೋಡಿ, ಅಚ್ಚಿಗೆ ಕೀಲೆಣ್ಣೆಯನ್ನು ಹಾಕುತ್ತಿದ್ದರು. ಕಡಾಣಿಯು ಗೇಣುದ್ದವೂ ಇಲ್ಲದ ಕಬ್ಬಿಣದ ತುಂಡಾದರೂ ಅದು ಕಳಚಿದರೆ ಗಾಲಿಯು ನಿಲ್ಲಲಾರದೆಂಬುದು ಎಲ್ಲರಿಗೂ ತಿಳಿದಿದ್ದಿತು. ಈಗ ಕಾಫಿ, ಅಡಕೆ, ಗೊಬ್ಬರ ಮೊದಲಾದವುಗಳ ಸಾಗಾಣಿಕೆಗಾಗಿ ನಾಲ್ಕು ಚಕ್ರಗಳಿಗೂ ಇಂಜಿನಿನ ಬಲವು ಒದಗುವ ಪಿಕಪ್ ಗಾಡಿಗಳನ್ನು ಕೆಲವರು ಜಮೀನುದಾರರು ಇಟ್ಟುಕೊಂಡಿರುತ್ತಾರೆ. ಇವುಗಳಲ್ಲಿ ಕಡಾಣಿಯಷ್ಟೇ ಮುಖ್ಯವಾದ ಭಾಗವು ಮುಂದಿನ ಗಾಲಿಗಳ ಬಾಲ್ ಜಾಯಿಂಟು. ಅದನ್ನು ಮುಟ್ಟಿನೋಡುವ ವಾಡಿಕೆಯು ಮಾತ್ರ ಇನ್ನೂ ನಮ್ಮಲ್ಲಿ ಬೆಳೆದಿಲ್ಲ.

2016ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್ ಮುಂತಾದ ಗಾಡಿಗಳಲ್ಲಿ ಮುಂದಿನ ಪ್ರತಿಯೊಂದು ಗಾಲಿಯೂ ಎರಡು ತೋಳುಗಳನ್ನು ಆಧರಿಸಿ ನಿಂತಿರುತ್ತದೆ. ಮೇಲೊಂದು ತೋಳು, ಕೆಳಗೊಂದು ತೋಳು. ಇವೆರಡರ ತುದಿಗಳ ನಡುವೆ ಗಾಲಿಯನ್ನು ಹೊತ್ತಿರುವ ನಕಲ್ ಎಂಬ ಉಕ್ಕಿನ ಅಚ್ಚು. ತೋಳು ಮತ್ತು ನಕಲ್ ಕೂಡುವೆಡೆಯಲ್ಲಿ, ನಮ್ಮ ತೊಡೆಯ ಮೂಳೆಯು ಸೊಂಟದ ಗುಳಿಯಲ್ಲಿ ಕುಳಿತಿರುವಂತೆ, ಉಕ್ಕಿನ ಗುಂಡೊಂದು ಬಟ್ಟಲಿನಲ್ಲಿ ಕುಳಿತಿರುವುದು. ಇದೇ ಬಾಲ್ ಜಾಯಿಂಟು. ಗಾಲಿಯು ಮೇಲೆ ಕೆಳಗೆ ಆಡುವುದಕ್ಕೂ ಎಡಬಲಕ್ಕೆ ತಿರುಗುವುದಕ್ಕೂ ಇದೇ ಆಧಾರ. ಸ್ಪ್ರಿಂಗು ಕೆಳಗಿನ ತೋಳಿನ ಮೇಲೆ ಕುಳಿತಿರುವುದರಿಂದ ಗಾಡಿಯ ಮುಂಭಾಗದ ಭಾರವನ್ನೆಲ್ಲ ಹೊರತಕ್ಕದ್ದು ಕೆಳಗಿನ ಜಾಯಿಂಟು. ಮೇಲಿನದು ಗಾಲಿಯನ್ನು ನೆಟ್ಟಗೆ ಹಿಡಿದಿರುತ್ತದೆ. ಭಾರವು ಕೆಲವು ಗಾಡಿಗಳಲ್ಲಿ ಗುಂಡನ್ನು ಬಟ್ಟಲಿನೊಳಕ್ಕೆ ಒತ್ತುತ್ತದೆ, ಮತ್ತೆ ಕೆಲವುಗಳಲ್ಲಿ ಬಟ್ಟಲಿನಿಂದ ಹೊರಕ್ಕೆ ಎಳೆಯುತ್ತದೆ. ಎರಡನೆಯ ಬಗೆಯಲ್ಲಿ ಸವೆದ ಗುಂಡು ಒಮ್ಮೆ ಜಾರಿ ಹೊರಬಿದ್ದರೆ ಗಾಲಿಯು ಮಡಚಿಕೊಂಡು ಗಾಡಿಯು ನೆಲ ಕಚ್ಚುವುದು.

ಗುಂಡಿನ ಶತ್ರುವು ಕೆಸರು. ಜಾಯಿಂಟಿನ ಗ್ರೀಸನ್ನು ಕಾಯುವ ರಬ್ಬರಿನ ಟೋಪಿಯು ಹರಿದರೆ ಗದ್ದೆಯ ನೀರೂ ಮರಳೂ ಒಳಹೊಕ್ಕು, ಗ್ರೀಸಿನೊಡನೆ ಬೆರೆತು, ಸಾಣೆಯ ಹುಡಿಯಂತೆ ಉಕ್ಕನ್ನು ತಿನ್ನುತ್ತವೆ. ಆ ಬಳಿಕ ಸವೆತಕ್ಕೆ ವರ್ಷಗಳು ಬೇಕಾಗಿಲ್ಲ, ಒಂದು ಮಳೆಗಾಲವೇ ಸಾಕಾಗಬಹುದು. ಗಾಡಿಯನ್ನು ತೊಳೆಯುವಾಗ ಪಂಪಿನ ನೀರಿನ ಧಾರೆಯನ್ನು ಹತ್ತಿರದಿಂದ ಈ ಟೋಪಿಗೆ ಹಿಡಿಯುವುದೂ ತಪ್ಪು.

ಈ ಲೇಖಕನು ಕಂಡ ಒಂದು ಗಾಡಿಯ ಕಥೆಯನ್ನು ಇಲ್ಲಿ ಹೇಳುವುದು ಉಚಿತ. ಮಲೆನಾಡಿನ ತೋಟವೊಂದರ ಆ ಗಾಡಿಯು ಸಣ್ಣ ಹಳ್ಳಗಳಲ್ಲಿ ಕಟಕಟ ಸದ್ದು ಮಾಡುತ್ತಿದ್ದಿತು. ಸ್ಟಿಯರಿಂಗು ನೇರ ನಿಲ್ಲುತ್ತಿರಲಿಲ್ಲ. ಎಡಗಾಲಿಯ ಟಯರಿನ ಒಳ ಅಂಚು ಬೋಳಾಗಿದ್ದಿತು. ಯಜಮಾನರು ಎರಡು ಸಾರಿ ಟಯರನ್ನು ಬದಲಾಯಿಸಿದರು. ಕೊನೆಗೆ ಜಾಯಿಂಟು ಅಲುಗುತ್ತದೆಂದು ತಿಳಿದಾಗ ಒಬ್ಬ ಮೇಸ್ತ್ರಿಯು ಅದಕ್ಕೆ ಎರಡು ಕಡೆ ವೆಲ್ಡಿಂಗ್ ಹಚ್ಚಿ ಕಳುಹಿಸಿದನು. ಹದಿನೈದು ದಿನಗಳ ಮೇಲೆ ಕಣದ ಅಂಗಳದಲ್ಲಿ ಗಾಡಿಯನ್ನು ತಿರುಗಿಸುತ್ತಿದ್ದಾಗ ಗಾಲಿಯು ಹೊರಕ್ಕೆ ಮಡಚಿತು. ಹಿಂದಿನ ದಿನವೇ ಆ ಗಾಡಿಯು ಹನ್ನೊಂದು ಮಂದಿ ಕೂಲಿಯವರನ್ನು ಹೊತ್ತು ಘಟ್ಟವನ್ನು ಇಳಿದಿದ್ದಿತು. ವೆಲ್ಡಿಂಗಿನ ಕಾವು ಉಕ್ಕಿನ ಹದವನ್ನು ಕೆಡಿಸುವುದಲ್ಲದೆ ಒಳಗಿನ ಗ್ರೀಸನ್ನೂ ಸುಡುವುದು. ಸವೆದ ಜಾಯಿಂಟಿಗೆ ಬದಲಾವಣೆಯಲ್ಲದೆ ಬೇರೆ ಚಿಕಿತ್ಸೆಯಿಲ್ಲ.

ಪರೀಕ್ಷೆಯಲ್ಲಿ ಜಾಕನ್ನು ಎಲ್ಲಿ ಕೊಡುವಿರೆಂಬುದೇ ಮುಖ್ಯ. ಚಾಸಿಗೆ ಜಾಕು ಕೊಟ್ಟು ಎತ್ತಿದರೆ ಸ್ಪ್ರಿಂಗು ಕೆಳತೋಳನ್ನು ಒತ್ತುತ್ತಲೇ ಇರುವುದರಿಂದ ಜಾಯಿಂಟಿನ ಸಡಿಲವು ಅಡಗಿಕೊಳ್ಳುತ್ತದೆ. ಆದಕಾರಣ ಕೆಳತೋಳಿನ ಕೆಳಗೆ, ಜಾಯಿಂಟಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ ಜಾಕು ಕೊಟ್ಟು ಗಾಲಿಯನ್ನು ನೆಲದಿಂದ ಒಂದೆರಡು ಅಂಗುಲ ಎತ್ತತಕ್ಕದ್ದು. ಬಳಿಕ ಟಯರಿನ ಕೆಳಗೆ ಹಾರೆಯನ್ನಿಟ್ಟು ಮೀಟಬೇಕು. ಇನ್ನೊಬ್ಬನು ದೀಪ ಹಿಡಿದು ನಕಲಿಗೂ ತೋಳಿಗೂ ನಡುವೆ ಚಲನೆಯುಂಟೋ ಎಂದು ನೋಡಬೇಕು. ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿಯೂ ನೋಡಬೇಕು. ಹೀಗೆ ಅಲುಗಿದರೆ ಒಬ್ಬನು ಬ್ರೇಕನ್ನು ತುಳಿಯಲಿ: ಅಲುಗುವುದು ನಿಂತರೆ ದೋಷವು ಗಾಲಿಯ ಬೇರಿಂಗಿನದು, ನಿಲ್ಲದಿದ್ದರೆ ಜಾಯಿಂಟಿನದು. ಎಷ್ಟು ಸಡಿಲವನ್ನು ಸಹಿಸಬಹುದೆಂಬುದಕ್ಕೆ ತಯಾರಕರ ಪುಸ್ತಕವೇ ಪ್ರಮಾಣ. ಆದರೂ ಭಾರ ಹೊರುವ ಜಾಯಿಂಟಿನಲ್ಲಿ ಬರಿಗಣ್ಣಿಗೆ ಕಾಣುವ ಸಡಿಲವಿದ್ದರೆ ಅದನ್ನು ತೆಗೆಸಿಬಿಡುವುದೇ ಮೇಲೆಂದು ನಮ್ಮ ಅಭಿಪ್ರಾಯ.

ಬದಲಾವಣೆಯನ್ನು ಅನುಭವವುಳ್ಳ ಮೇಸ್ತ್ರಿಯಿಂದಲೇ ಮಾಡಿಸಬೇಕಾದರೂ ಯಜಮಾನನಿಗೆ ಕ್ರಮವು ತಿಳಿದಿದ್ದರೆ ಕೆಲಸವು ಕೆಡುವುದಿಲ್ಲ. ಸಮನೆಲದಲ್ಲಿ ಹಿಂದಿನ ಗಾಲಿಗಳಿಗೆ ಅಡ್ಡೆ ಕೊಟ್ಟು, ಚಾಸಿಯನ್ನು ಉಕ್ಕಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೆಳತೋಳಿಗೆ ಪ್ರತ್ಯೇಕವಾಗಿ ಜಾಕನ್ನು ಕೊಡತಕ್ಕದ್ದು. ಅದುಮಿದ ಸ್ಪ್ರಿಂಗಿನಲ್ಲಿ ಅಡಗಿರುವ ಬಲವು ಬಹಳ. ಜಾಯಿಂಟು ಬಿಟ್ಟಮೇಲೆ ಈ ಜಾಕು ಜಾರಿದರೆ ತೋಳು ಸಿಡಿದು ಕೈಕಾಲನ್ನು ಮುರಿಯಬಲ್ಲದು. ಬ್ರೇಕಿನ ಕ್ಯಾಲಿಪರನ್ನು ಬಿಚ್ಚಿ ತಂತಿಯಿಂದ ಕಟ್ಟಬೇಕಲ್ಲದೆ ಅದರ ರಬ್ಬರ್ ಕೊಳವೆಯ ಮೇಲೆ ತೂಗಬಿಡಕೂಡದು. ಇನ್ನು ನಾಲ್ಕು ಚಕ್ರಗಳ ಚಾಲನೆಯ ಗಾಡಿಯಲ್ಲಿ ವಿಶೇಷವೊಂದುಂಟು: ಇಂಜಿನಿನ ಬಲವನ್ನು ತರುವ ಆಕ್ಸಲು ನಕಲಿನ ನಡುವೆಯೇ ಹಾದುಹೋಗುತ್ತದೆ. ಅದರ ನಟ್ಟನ್ನು ಮೊದಲೇ ಬಿಚ್ಚದೆ ನಕಲನ್ನು ಹೊರಕ್ಕೆ ಎಳೆದರೆ ಆಕ್ಸಲಿನ ಒಳಕೀಲು ಕಳಚಿ, ಒಂದು ಖರ್ಚಿನೆಡೆಯಲ್ಲಿ ಎರಡಾಗುವುದು.

ಜಾಯಿಂಟಿನ ನಟ್ಟನ್ನು ಸಡಿಲಿಸಿ, ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಿ, ಪುಲ್ಲರ್ ಹಾಕಿ ಬಿಡಿಸಬೇಕು. ಬೋಲ್ಟುಗಳಿಂದ ಬಿಗಿದ ಜಾಯಿಂಟಾದರೆ ಮುಂದಿನ ಕೆಲಸವು ಸುಲಭ. ತೋಳಿನಲ್ಲಿ ಒತ್ತಿ ಕೂಡಿಸಿದ್ದಾದರೆ ತಡೆಯುಂಗುರವನ್ನು ತೆಗೆದು ಪ್ರೆಸ್ಸಿನಿಂದ ಹೊರದೂಡಬೇಕು. ಹೊಸದನ್ನು ಕೂಡಿಸುವಾಗ ಒತ್ತಡವು ಅದರ ಅಂಚಿನ ಮೇಲೆ ಬೀಳಬೇಕೇ ಹೊರತು ನಡುವಿನ ಮುಚ್ಚಳದ ಮೇಲೆ ಬೀಳಕೂಡದು. ಸುತ್ತಿಗೆಯಿಂದ ಜಡಿದು ಕೂಡಿಸಿದ ಹೊಸ ಜಾಯಿಂಟು ಅಂದಿನಿಂದಲೇ ಅರ್ಧ ಹಳೆಯದು.

ಜಾಯಿಂಟಿನ ಮೊನೆಯು ಕುಳಿತುಕೊಳ್ಳುವ ತೂತನ್ನು ಒಣಬಟ್ಟೆಯಿಂದ ಒರಸಬೇಕು. ಅಲ್ಲಿ ಎಣ್ಣೆಯು ಸಲ್ಲದು. ನಟ್ಟನ್ನು ಅಳತೆಯ ಸ್ಪ್ಯಾನರಿನಿಂದ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಯಬೇಕು. ಪುಸ್ತಕದಲ್ಲಿ 100 ನ್ಯೂಟನ್ ಮೀಟರ್ ಎಂದಿದ್ದರೆ, 1 ಮೀಟರು ಉದ್ದದ ಹಿಡಿಯ ತುದಿಯಲ್ಲಿ ಸುಮಾರು 10 ಕಿಲೋಗ್ರಾಂ ತೂಕವನ್ನು ತೂಗಿಸಿದಷ್ಟು ಬಿಗಿಯೆಂದು ತಿಳಿಯಬಹುದು. ನಟ್ಟಿನ ಸೀಳೂ ಪಿನ್ನಿನ ತೂತೂ ಸರಿಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಹೊಂದಿಸಬೇಕು, ಹಿಂದಕ್ಕೆ ತಿರುಗಿಸಕೂಡದು. ಪಿನ್ನು ಹೊಸದೇ ಆಗಿರಬೇಕು. ಗ್ರೀಸಿನ ಮೊಲೆಯಿದ್ದರೆ ಟೋಪಿಯು ಸ್ವಲ್ಪ ಉಬ್ಬುವವರೆಗೆ ಮಾತ್ರ ಗ್ರೀಸನ್ನು ತುಂಬುವುದು.

ಒಂದು ಪಕ್ಕದ್ದು ಸವೆದರೆ ಇನ್ನೊಂದು ಪಕ್ಕದ್ದನ್ನೂ ತೆಗೆಯಲೇಬೇಕೆಂಬ ನಿಯಮವಿಲ್ಲ. ಎರಡಕ್ಕೂ ಒಂದೇ ವಯಸ್ಸಾಗಿದ್ದರೆ ಪರೀಕ್ಷಿಸಿ ನಿರ್ಧರಿಸಬಹುದು. ಕೆಲಸವು ಮುಗಿದಮೇಲೆ ಗಾಲಿಗಳ ಜೋಡಣೆಯನ್ನು ಯಂತ್ರದಲ್ಲಿ ಸರಿಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಹೊಸ ಟಯರೂ ಹಳೆಯ ದಾರಿಯನ್ನೇ ಹಿಡಿಯುವುದು. ಸುಮಾರು 100 ಕಿಲೋಮೀಟರು ಓಡಿದಮೇಲೆ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯುವುದು ಅವಶ್ಯ. ತೆಗೆದ ಹಳೆಯ ಜಾಯಿಂಟನ್ನು ಅಂಗಡಿಯಲ್ಲಿ ಬಿಟ್ಟುಬರದೆ ಕೇಳಿ ತಂದು, ಗಾಡಿಯನ್ನು ನಡೆಸುವವನ ಕೈಯಲ್ಲಿ ಅಲುಗಿಸಿ ತೋರಿಸಿರಿ.